ಹಾಜರಿ ಪುಸ್ತಕದ ಹೊರಗಿನವರು

ನನ್ನ ತಂದೆಯವರು ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಲ್ಲಿ ಫಿಟ್ಟರರಾಗಿ ದುಡಿದವರು. ದಕ್ಷಿಣ ಮರಾಠಾ ರೇಲ್ವೆಯ ಕಾಲದಲ್ಲಿ ಆರಂಭವಾದ ಆ ಕಾರ್ಖಾನೆಯಲ್ಲಿ ಅವರನ್ನು ಹೆಸರಿನಿಂದ ಬಲ್ಲವರು ಎಷ್ಟು ಜನರಿದ್ದರೋ ನಾನರಿಯೆ. ಅವರ ಸಂಖ್ಯೆಯನ್ನಾದರೋ ನಮ್ಮ ಮನೆಯ ಮಕ್ಕಳೆಲ್ಲರೂ ಬಲ್ಲೆವು. ಹಿತ್ತಾಳೆಯ ಒಂದು ಬಿಲ್ಲೆ, ಮೇಲ್ಭಾಗದಲ್ಲಿ ತೂತು, ನಡುವೆ ಉಳಿಯಿಂದ ಕೆತ್ತಿದ ಅಂಕಿಗಳು. ಬೆಳಗಿನ ಭೋಂಗಾ ಕೂಗುವ ಹೊತ್ತಿಗೆ ಬಾಗಿಲ ಬಳಿಯ ದೊಡ್ಡ ಹಲಗೆಯಿಂದ ತಮ್ಮ ಬಿಲ್ಲೆಯನ್ನು ತೆಗೆದು ಟೈಮ್ ಆಫೀಸಿನ ಪೆಟ್ಟಿಗೆಯಲ್ಲಿ ಹಾಕಿದರೆ ಅವರು ಹಾಜರು. ಮೊಳೆಯಲ್ಲಿ ಬಿಲ್ಲೆ ತೂಗುತ್ತಿದ್ದರೆ ಗೈರುಹಾಜರು. ಅವರು ನಿವೃತ್ತರಾದ ದಿನ ಬಿಲ್ಲೆಯನ್ನು ಮರಳಿಸಿ ಬಂದು, ಅಂಗೈಯನ್ನು ಒಮ್ಮೆ ನೋಡಿಕೊಂಡು, ಚಹಾ ಕೇಳಿದರು. ವಾರದ ಮೇಲೆ ಅದೇ ಮೊಳೆಗೆ ಬೇರೊಬ್ಬ ತರುಣನ ಬಿಲ್ಲೆ ಬಂದಿತೆಂದು ಅವರ ಗೆಳೆಯರೊಬ್ಬರು ಹೇಳಿದಾಗ ನಮ್ಮ ತಂದೆ ಏನೂ ಮಾತಾಡಲಿಲ್ಲ.

ಈ ಹೊತ್ತಿನ ಭಾಷಣಕ್ಕೆ ಬಾನುಲಿಯ ಮಿತ್ರರು ಸೂಚಿಸಿದ ವಿಷಯವೇನೋ ಬಹಳ ಒಣಗಿದ್ದು: ಸಿಬ್ಬಂದಿ ವಿಭಾಗದ ಗಣಕ ದಾಖಲೆಗಳನ್ನು ಕಚೇರಿಯ ಕಂಪ್ಯೂಟರ್ ಜಾಲದ ಖಾತೆಗಳೊಡನೆ ಜೋಡಿಸಿ, ಖಾತೆಗಳು ತಾವಾಗಿಯೇ ಹುಟ್ಟುವಂತೆ, ತಾವಾಗಿಯೇ ಮುಚ್ಚುವಂತೆ ಮಾಡುವ ವ್ಯವಸ್ಥೆ. ಹೀಗೆ ಹೇಳಿದರೆ ನಿಮ್ಮಲ್ಲಿ ಅನೇಕರು ರೇಡಿಯೋದ ಕಿವಿ ತಿರುವಿಯಾರು. ಆದರೆ ನನ್ನ ತಂದೆಯವರ ಹಲಗೆಯನ್ನು ಕಣ್ಣಮುಂದೆ ಇಟ್ಟುಕೊಂಡರೆ ವಿಷಯ ಅಷ್ಟೇನೂ ದೂರದ್ದಲ್ಲ. ಟೈಮ್ ಆಫೀಸಿನ ಪುಸ್ತಕದಲ್ಲಿ ಹೆಸರಿದ್ದವನಿಗೆ ಹಲಗೆಯಲ್ಲಿ ಒಂದು ಮೊಳೆ. ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದ ದಿನ ಮೊಳೆಯೂ ಖಾಲಿ. ಪುಸ್ತಕವನ್ನೂ ಹಲಗೆಯನ್ನೂ ನೋಡಿಕೊಳ್ಳುವ ಗುಮಾಸ್ತ ಒಬ್ಬನೇ ಆಗಿದ್ದುದರಿಂದ ಅವೆರಡರ ನಡುವೆ ಭೇದ ಬರುವ ಸಂಭವವೇ ಇರಲಿಲ್ಲ. ಕಂಪ್ಯೂಟರು ಬಂದ ಮೇಲೆ ಪುಸ್ತಕ ಒಬ್ಬರ ಕೈಗೆ ಹೋಯಿತು, ಹಲಗೆ ಇನ್ನೊಬ್ಬರ ಕೈಗೆ. ತೊಡಕು ಆರಂಭವಾದದ್ದು ಅಲ್ಲಿ.

ನಾನು ಸಿಬ್ಬಂದಿ ವಿಭಾಗದ ಗುಮಾಸ್ತನಾಗಿ 1986ರಲ್ಲಿ ಸೇರಿದ್ದು ಗೋಕುಲ ರಸ್ತೆಯ ಒಂದು ಕಾರ್ಖಾನೆಯನ್ನು. ಅದರ ಹೆಸರು ಇಲ್ಲಿ ಬೇಡ. ಗೋಕುಲ ರಸ್ತೆಯನ್ನು ಬಲ್ಲವರು ಬಲ್ಲರು: ಒಂದು ಕಡೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಮತ್ತೊಂದೆಡೆ ಕೈಗಾರಿಕಾ ವಸಾಹತು, ಮುಂದೆ ವಿಮಾನ ನಿಲ್ದಾಣ, ಅದರಾಚೆ ಗೋಕುಲ ಗ್ರಾಮ. ಹೆಸರು ಮಾತ್ರ ಗೋಕುಲ. ಕೊಳಲಿನ ದನಿಯ ಬದಲು ನಾವು ಮೂವತ್ತು ವರ್ಷ ಕೇಳಿದ್ದು ಲೇಥಿನ ದನಿ. ನಮ್ಮ ಕಾರ್ಖಾನೆಯ ಆಡಳಿತ ಕಟ್ಟಡದಲ್ಲಿ ಉದ್ದನೆಯ ಒಂದು ಪಡಸಾಲೆ. ಅದರ ಈ ತುದಿಯಲ್ಲಿ ನಮ್ಮ ಸಿಬ್ಬಂದಿ ವಿಭಾಗ, ಆ ತುದಿಯಲ್ಲಿ ಕಂಪ್ಯೂಟರ್ ವಿಭಾಗ. ನಡುವಿನ ಅಂತರ ನಲವತ್ತು ಹೆಜ್ಜೆ. ಒಬ್ಬ ನೌಕರ ಕೆಲಸ ಬಿಟ್ಟ ಸುದ್ದಿ ಆ ನಲವತ್ತು ಹೆಜ್ಜೆ ನಡೆಯಲು ಕೆಲವೊಮ್ಮೆ ಎರಡು ವರ್ಷ ತೆಗೆದುಕೊಂಡದ್ದುಂಟು. ಕೆಲಸ ಬಿಟ್ಟವನ ಸಂಬಳ ನಿಲ್ಲಿಸುವುದನ್ನು ನಾವು ಎಂದೂ ಮರೆಯಲಿಲ್ಲ. ಅದು ಹಣದ ಪ್ರಶ್ನೆ. ಅವನ ಕಂಪ್ಯೂಟರ್ ಖಾತೆಯನ್ನು ಮುಚ್ಚಿಸಬೇಕೆಂದು ಚೀಟಿ ಕಳಿಸುವುದು ಯಾರ ಕೆಲಸವೆಂದು ಎಲ್ಲಿಯೂ ಬರೆದಿರಲಿಲ್ಲ.

ಇದು ನಮ್ಮೊಬ್ಬರದೇ ಅಲಕ್ಷ್ಯವೆಂದು ತಿಳಿಯಬೇಡಿ. ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಇದೇ ಕಥೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಪೆಟ್ರೋಲು, ಡೀಸೆಲ್ ಒಯ್ಯುವ ಕಲೋನಿಯಲ್ ಪೈಪ್‌ಲೈನ್ ಎಂಬ ಬೃಹತ್ ಕೊಳವೆ ಮಾರ್ಗವನ್ನು ಹಲವು ದಿನ ನಿಲ್ಲಿಸಬೇಕಾಯಿತು. ಪೆಟ್ರೋಲ್ ಪಂಪುಗಳ ಮುಂದೆ ಸಾಲು ಬೆಳೆದವು. ಸುಲಿಗೆಕೋರರು ಒಳಹೊಕ್ಕದ್ದು ಯಾವ ಮಾಯಾವಿದ್ಯೆಯಿಂದಲೂ ಅಲ್ಲ. ಯಾರೂ ಬಳಸದೆ ಬಿಟ್ಟಿದ್ದ, ಆದರೆ ಯಾರೂ ಮುಚ್ಚದೆ ಇದ್ದ ಒಂದು ಹಳೆಯ ಖಾತೆಯ ಗುಪ್ತಪದ ಅವರಿಗೆ ಸಿಕ್ಕಿತ್ತು. ಕಂಪನಿ ಸುಮಾರು 44 ಲಕ್ಷ ಡಾಲರುಗಳಷ್ಟು ಹಣವನ್ನು ತೆತ್ತಿತು. ಖಾಲಿಯಾಗಬೇಕಿದ್ದ ಮೊಳೆಯಲ್ಲಿ ಒಂದು ಬಿಲ್ಲೆ ತೂಗುತ್ತ ಉಳಿದದ್ದರ ಬೆಲೆ ಅಷ್ಟು.

ಗುಪ್ತಪದವೆಂಬ ಈ ವಸ್ತುವಾದರೂ ಬಹಳ ಪುರಾತನವೇನಲ್ಲ. 1960ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಕೊರ್ಬಾಟೊ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಒಂದೇ ಗಣಕವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ಕಟ್ಟಿದಾಗ, ಒಬ್ಬರ ಕಾಗದ ಇನ್ನೊಬ್ಬರು ನೋಡದಿರಲೆಂದು ಅದು ಬಂತು. ತಮಾಷೆಯೆಂದರೆ 1966ರಲ್ಲಿ ಒಂದು ದಿನ, ಒಳಬಂದವರಿಗೆಲ್ಲ ಅಂದಿನ ಪ್ರಕಟಣೆ ಕಾಣಿಸಬೇಕಿದ್ದ ಜಾಗದಲ್ಲಿ ಎಲ್ಲರ ಗುಪ್ತಪದಗಳ ಪಟ್ಟಿಯೇ ಮೂಡಿಬಿಟ್ಟಿತು. ಆಮೇಲೆ 1988ರಲ್ಲಿ ದೂರವಾಣಿ ಕೈಪಿಡಿಯ ಮಾದರಿಯಲ್ಲಿ ಜನರನ್ನೂ ಯಂತ್ರಗಳನ್ನೂ ಪಟ್ಟಿ ಮಾಡುವ ಅಂತರರಾಷ್ಟ್ರೀಯ ನಿಯಮ ಬಂತು. ಅದನ್ನು ಸರಳಗೊಳಿಸಿದ ಎಲ್‌ಡ್ಯಾಪ್ ಎಂಬುದು 1993ರ ಸುಮಾರಿಗೆ ಮಿಶಿಗನ್ ವಿಶ್ವವಿದ್ಯಾಲಯದಿಂದ ಹೊರಟಿತು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ‘ಇವರು ಬಂದರು, ಇವರು ಹೋದರು’ ಎಂದು ಹೇಳಿ ಕಳಿಸುವ ಸ್ಕಿಮ್ ಎಂಬ ಸಾಮಾನ್ಯ ಭಾಷೆ 2015ರಲ್ಲಿ ಇಂದಿನ ರೂಪಕ್ಕೆ ಬಂತು. ಈ ವಂಶಾವಳಿ ಇಷ್ಟು ಸಾಕು.

ನಮ್ಮ ಕಾರ್ಖಾನೆಯಲ್ಲಿ ಜೋಡಣೆಯ ಮಾತು ಎದ್ದದ್ದು 2015ರ ಕೊನೆಯಲ್ಲಿ. ಕಂಪ್ಯೂಟರ್ ವಿಭಾಗಕ್ಕೆ ಮೈಸೂರಿನ ಕಡೆಯ ಒಬ್ಬ ತರುಣ ಎಂಜಿನಿಯರ್ ಬಂದಿದ್ದ. ಆತ ನನ್ನ ಮೇಜಿನ ಮುಂದೆ ಕುಳಿತು ಯೋಜನೆಯನ್ನು ವಿವರಿಸಿದ ರೀತಿ ಬಹಳ ಸೊಗಸಾಗಿತ್ತು. “ಸಾರ್, ಇನ್ನು ಮುಂದೆ ನಿಮ್ಮ ಪುಸ್ತಕವೇ ಸತ್ಯ. ನೀವು ಒಬ್ಬರನ್ನು ನೌಕರಿಗೆ ಸೇರಿಸಿಕೊಂಡಿರಿ ಅಂತ ಬರೆದರೆ ಸಾಕು, ರಾತ್ರಿ ಕಳೆಯೋದರೊಳಗೆ ಅವರಿಗೆ ಖಾತೆ ತಯಾರಾಗಿರುತ್ತೆ. ವರ್ಗ ಮಾಡಿದರೆ ಹಳೆಯ ವಿಭಾಗದ ಕಾಗದಗಳು ಅವರಿಗೆ ಕಾಣಿಸೋದು ನಿಲ್ಲುತ್ತೆ, ಹೊಸದು ಕಾಣಿಸುತ್ತೆ. ನಿವೃತ್ತರಾದರೆ ಆ ಸಂಜೆಯೇ ಬಾಗಿಲು ಮುಚ್ಚುತ್ತೆ” ಎಂದ. ಮೂವತ್ತು ವರ್ಷ ಹಾಜರಿ ಪುಸ್ತಕಕ್ಕೆ ಗೆರೆ ಎಳೆದವನಿಗೆ ‘ನಿಮ್ಮ ಪುಸ್ತಕವೇ ಸತ್ಯ’ ಎಂದು ಯಾರಾದರೂ ಹೇಳಿದರೆ ಎದೆ ಉಬ್ಬದೆ ಇದ್ದೀತೆ? ನಾನು ಒಪ್ಪಿದೆ. ಪುಸ್ತಕ ಎಷ್ಟು ಸತ್ಯವೆಂಬುದು ಆಮೇಲೆ ಗೊತ್ತಾಯಿತು.

ಮೊದಲನೆಯ ತೊಡಕು ಹೆಸರುಗಳದು. ಈ ತಂತ್ರಾಂಶಗಳು ಹುಟ್ಟಿದ ನಾಡಿನಲ್ಲಿ ಮನುಷ್ಯನಿಗೆ ಒಂದು ಮೊದಲ ಹೆಸರು, ಒಂದು ಕೊನೆಯ ಹೆಸರು. ನಮ್ಮ ಧಾರವಾಡ ಜಿಲ್ಲೆಯಲ್ಲಾದರೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು. ಮೈಸೂರಿನ ಕಡೆಯವರಿಗೆ ಅಡ್ಡಹೆಸರೇ ಇಲ್ಲ. ಊರಿನ ಒಂದು ಅಕ್ಷರ, ತಂದೆಯ ಒಂದು ಅಕ್ಷರ, ಆಮೇಲೆ ಹೆಸರು. ಕೊನೆಯ ಹೆಸರನ್ನು ತುಂಬದೆ ಯಂತ್ರ ಮುಂದೆ ಬಿಡದಾದ್ದರಿಂದ ಆ ತರುಣ ಎಂಜಿನಿಯರನೇ ತನ್ನ ತಂದೆಯ ಹೆಸರನ್ನು ಅಲ್ಲಿ ಬರೆದಿದ್ದ. ಕಾರ್ಖಾನೆಯ ಹೊರಗಿನಿಂದ ಬರುವ ಪತ್ರಗಳೆಲ್ಲ ಅವನನ್ನು ಅವನ ತಂದೆಯ ಹೆಸರಿನಿಂದ ಸಂಬೋಧಿಸುತ್ತಿದ್ದವು. ನಮ್ಮ ಕಡೆಯ ಅಡ್ಡಹೆಸರುಗಳ ಸ್ವಾರಸ್ಯವೇ ಬೇರೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಬೆಲ್ಲದ ಎಂದು ದುರ್ಗದ ಬೈಲಿನ ಸಂತೆಯ ಸಾಮಾನೆಲ್ಲ ನಮ್ಮ ಹಾಜರಿ ಪುಸ್ತಕದಲ್ಲಿ ಇತ್ತು. ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಗುಮಾಸ್ತನಿಗೊಂದು ಕಾಗುಣಿತ. ಬಸವರಾಜ ಎಂಬ ಒಂದೇ ಹೆಸರನ್ನು ನಮ್ಮ ದಾಖಲೆಗಳಲ್ಲಿ ಐದು ಬಗೆಯಾಗಿ ಬರೆದದ್ದು ಸಿಕ್ಕಿತು: ಒಬ್ಬರು ‘ವಿ’ ಹಾಕಿದ್ದರೆ ಇನ್ನೊಬ್ಬರು ‘ಡಬ್ಲ್ಯೂ’; ಒಬ್ಬರು ಕೊನೆಗೆ ‘ಎ’ ಸೇರಿಸಿದ್ದರೆ ಮತ್ತೊಬ್ಬರು ಬಿಟ್ಟಿದ್ದರು. ಸಂಬಳದ ಪಟ್ಟಿಯ ಬಸವರಾಜನೂ ಕಂಪ್ಯೂಟರ್ ಖಾತೆಯ ಬಸವರಾಜನೂ ಒಬ್ಬನೇ ಎಂದು ಯಂತ್ರಕ್ಕೆ ಹೇಗೆ ತಿಳಿಯಬೇಕು?

ಮದುವೆಯಾದ ಹೆಣ್ಣುಮಕ್ಕಳ ಸಂಗತಿ ಇನ್ನೂ ಕಠಿಣ. ನಮ್ಮ ಕಡೆ ಅಡ್ಡಹೆಸರಷ್ಟೇ ಅಲ್ಲ, ನಡುವಿನ ತಂದೆಯ ಹೆಸರು ಹೋಗಿ ಗಂಡನ ಹೆಸರು ಬರುತ್ತದೆ. ಕೆಲವು ಮನೆತನಗಳಲ್ಲಿ ಆಕೆಯ ಸ್ವಂತ ಹೆಸರನ್ನೂ ಬದಲಿಸುತ್ತಾರೆ. ನಮ್ಮ ಲೆಕ್ಕ ವಿಭಾಗದ ಹುಡುಗಿಯೊಬ್ಬಳು ಹದಿನೈದು ದಿನ ರಜೆ ಹಾಕಿ ಮದುವೆ ಮಾಡಿಕೊಂಡು ಬರುವಷ್ಟರಲ್ಲಿ, ಪರೀಕ್ಷಾರ್ಥವಾಗಿ ನಡೆಸಿದ ಪಟ್ಟಿಯ ಪ್ರಕಾರ, ಒಬ್ಬ ನೌಕರಳು ಕಾಣೆಯಾಗಿದ್ದಳು, ಇನ್ನೊಬ್ಬಳು ಹೊಸದಾಗಿ ಸೇರಿದ್ದಳು. ಆಗ ನನಗೆ ನಮ್ಮ ಬೇಂದ್ರೆಯವರ ನೆನಪಾಯಿತು. ಸೋಲಾಪುರದ ಕಾಲೇಜಿನ ಸಂಬಳದ ಪಟ್ಟಿಯಲ್ಲಿ ಅವರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಕಾವ್ಯಲೋಕದಲ್ಲಿ ಅಂಬಿಕಾತನಯದತ್ತ. ತಂದೆಯ ಹೆಸರಿನ ಜಾಗದಲ್ಲಿ ತಾಯಿಯ ಹೆಸರು! ಈ ಯಂತ್ರದ ಕೈಗೆ ಸಿಕ್ಕಿದ್ದರೆ ಒಬ್ಬರಿಗೇ ಎರಡು ಖಾತೆ ತೆರೆದು, ಸಂಬಳವಿಲ್ಲದ ಎರಡನೆಯದನ್ನು ಅನುಮಾನಾಸ್ಪದವೆಂದು ಮುಚ್ಚಿಬಿಡುತ್ತಿತ್ತು.

ಹೆಸರಿನಿಂದ ಆಗದಿದ್ದರೆ ಜನ್ಮದಿನಾಂಕವನ್ನು ಜೊತೆಗಿಟ್ಟು ಹೊಂದಿಸೋಣವೆಂದು ಎಂಜಿನಿಯರ್ ಹೇಳಿದ. ನಾನು ನಕ್ಕೆ. ಹಳ್ಳಿಯ ಶಾಲೆಗಳಲ್ಲಿ ಮಗುವನ್ನು ಹೆಸರು ಹಚ್ಚಲು ಕರೆತಂದಾಗ ಹುಟ್ಟಿದ ದಿನ ತಂದೆಗೂ ಗೊತ್ತಿರುತ್ತಿರಲಿಲ್ಲ. ಹೆಡ್‌ಮಾಸ್ತರರು ಮಗುವಿನ ಎತ್ತರ ನೋಡಿ, ಕೈಯಿಂದ ಕಿವಿ ಮುಟ್ಟಿಸಿ, ವರ್ಷವನ್ನು ಅಂದಾಜಿನಿಂದಲೂ ತಾರೀಖನ್ನು ಅನುಕೂಲದಿಂದಲೂ ಬರೆದುಬಿಡುತ್ತಿದ್ದರು. ಶಾಲೆಯ ವರ್ಷ ಆರಂಭವಾಗುವ ಜೂನ್ 1. ನನ್ನ ತಲೆಮಾರಿನ ಅಸಂಖ್ಯ ಕನ್ನಡಿಗರು ಕಾಗದದ ಮೇಲೆ ಅವಳಿಜವಳಿಗಳು. ನಾನೂ ಅವರಲ್ಲೊಬ್ಬ. ತಿಂಗಳ ಮೊದಲ ತಾರೀಖಿಗೆ ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕೆಂಬುದು ಸರಕಾರಿ ನಿಯಮ. ನಮ್ಮ ಕಾರ್ಖಾನೆಯೂ ಅದನ್ನೇ ಅನುಸರಿಸುತ್ತಿತ್ತು. ಹೀಗಾಗಿ ಪ್ರತಿವರ್ಷ ಮೇ 31ರಂದು ನಮ್ಮಲ್ಲಿ ಹಾರಗಳಿಗೆ ಬರ.

ಕೊನೆಗೆ ಉಳಿದದ್ದು ಸಂಖ್ಯೆಯೊಂದೇ. ನನ್ನ ತಂದೆಯವರ ಬಿಲ್ಲೆಗೇ ಮರಳಿದೆವೆನ್ನಿ. ರಾಜ್ಯ ಸರಕಾರಿ ನೌಕರರ ಸಂಬಳವನ್ನು ತಯಾರಿಸುವ ಗಣಕ ವ್ಯವಸ್ಥೆಯಲ್ಲಿಯೂ ಇದೇ ಆಗಿದೆ. ಅಲ್ಲಿ ಒಬ್ಬ ಶಿಕ್ಷಕಿಯನ್ನು ಗುರುತಿಸುವುದು ಅವರ ವಿಮಾ ಇಲಾಖೆಯ ಸಂಖ್ಯೆಯಿಂದ. 1891ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಆ ಇಲಾಖೆ ಕೊಡುತ್ತಿದ್ದ ಸಂಖ್ಯೆ, ಸತ್ತ ಮೇಲೆ ಮನೆಯವರಿಗೆ ಹಣ ಸಿಗಲೆಂದು ಇದ್ದದ್ದು, ಈಗ ಬದುಕಿರುವವರ ಗುರುತಾಗಿದೆ. ನಮ್ಮ ನೆರೆಮನೆಯ ನಿವೃತ್ತ ಮಾಸ್ತರರು ತಮ್ಮ ಮೊಮ್ಮಕ್ಕಳ ಹುಟ್ಟುಹಬ್ಬ ಮರೆತಾರು, ಆ ಸಂಖ್ಯೆಯನ್ನು ಮರೆಯರು.

ನಾಲ್ಕು ತಿಂಗಳು ನಾನೂ ಆ ತರುಣನೂ ಸಂಜೆ ಸಂಜೆ ಕುಳಿತು, ಪ್ರತಿ ಖಾತೆಗೂ ಒಂದು ನೌಕರ ಸಂಖ್ಯೆಯನ್ನು ಕೈಯಿಂದಲೇ ಹಚ್ಚಿದೆವು. ಸಂಖ್ಯೆ ಸಿಗದ ಖಾತೆಗಳು, ಸಿಕ್ಕರೂ ನಿವೃತ್ತರೆಂದು ದಾಖಲಾದವರ ಖಾತೆಗಳು ಒಂದು ಪ್ರತ್ಯೇಕ ಪಟ್ಟಿಯಾದವು. ಮುಚ್ಚಬೇಕಾದ ಖಾತೆಗಳ ಪಟ್ಟಿ ಅದು. ಖಾತೆಯನ್ನು ಒಮ್ಮೆಲೆ ಅಳಿಸುವುದಿಲ್ಲವೆಂದೂ, ಮೊದಲು ಬೀಗ ಹಾಕಿ, ತೊಂಬತ್ತು ದಿನ ಇಟ್ಟುಕೊಂಡು, ಯಾರೂ ಕೇಳದಿದ್ದರೆ ಮಾತ್ರ ಅಳಿಸುವುದೆಂದೂ ಆತ ಹೇಳಿದ. ಇದು ಜಾಣತನದ ಕ್ರಮ. ಪಟ್ಟಿಯನ್ನು ನನ್ನ ಮುಂದಿಟ್ಟು ರುಜು ಕೇಳಿದ. ನೂರಕ್ಕೂ ಹೆಚ್ಚು ಹೆಸರುಗಳಿದ್ದವು. ಓದುತ್ತ ಹೋದೆ; ಕೆಲವು ಹೆಸರುಗಳ ಮೇಲೆ ಬೆರಳು ನಿಂತಿತು, ಮುಖಗಳು ನೆನಪಾದವು. ನಮ್ಮ ರವಾನೆ ವಿಭಾಗದ ಹಿರಿಯ ಗುಮಾಸ್ತರ ಹೆಸರೂ ಅಲ್ಲಿತ್ತು. 2011ರಲ್ಲಿ ನಿವೃತ್ತರಾಗಿ 2014ರಲ್ಲಿ ತೀರಿಕೊಂಡವರು. ಅವರ ಮಣ್ಣಿಗೆ ನಾನು ಹೋಗಿದ್ದೆ. ‘ಇವರದನ್ನು ಇಷ್ಟು ದಿನ ಯಾಕೆ ಇಟ್ಟಿದ್ದಿರಿ?’ ಎಂದು ಕಂಪ್ಯೂಟರ್ ವಿಭಾಗವನ್ನು ಮನಸ್ಸಿನಲ್ಲಿಯೇ ಬೈದು ರುಜು ಮಾಡಿದೆ.

2016ರ ಶ್ರಾವಣದ ಮೊದಲನೆಯ ಸೋಮವಾರ. ಹಿಂದಿನ ರಾತ್ರಿ ಜೋಡಣೆ ಜಾರಿಗೆ ಬಂದಿತ್ತು. ನಾನು ಸಿದ್ಧಾರೂಢರ ಮಠಕ್ಕೆ ಹೋಗಿ, ಅಲ್ಲಿಂದ ನೇರ ಕಚೇರಿಗೆ ಬಂದು ಕುಳಿತಿದ್ದೆ. ಒಂಬತ್ತೂವರೆಯ ಸುಮಾರಿಗೆ ಎಂಜಿನಿಯರ್ ಬಂದ. ಮುಖದಲ್ಲಿ ನಗೆಯೂ ಇತ್ತು, ಗಾಬರಿಯೂ ಇತ್ತು. “ಸಾರ್, ನಿಮ್ಮ ರವಾನೆ ವಿಭಾಗದ ಹಿರಿಯರು ತೀರಿಕೊಂಡಿದ್ದಾರೆ ಅಂದಿರಿ. ಅವರು ಈಗ ಬೆಳಗ್ಗೆ ಒಂಬತ್ತರಿಂದ ಏಳು ಸಲ ಒಳಗೆ ಬರೋಕೆ ಪ್ರಯತ್ನ ಪಟ್ಟಿದ್ದಾರೆ” ಎಂದ.

ಆತನ ಬೆನ್ನ ಹಿಂದೆಯೇ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಕುಂದಗೋಳದ ಕಡೆಯಿಂದ ದಿನಾಲು ಬಸ್ಸಿಗೆ ಬರುವವಳು. ಗುತ್ತಿಗೆದಾರರೊಬ್ಬರ ಮೂಲಕ ಬಂದ ಹೊರಗುತ್ತಿಗೆಯ ಕೆಲಸಗಾರ್ತಿ. “ಸರ, ಇವತ್ತ ಕಂಪ್ಯೂಟರ್ ನನ್ನ ಒಳಗ ಬಿಡವಲ್ದರೀ. ಹೊರಗ ಎರಡ ಲಾರಿ ನಿಂತಾವರೀ” ಎಂದಳು.

ಆಗ ನನಗೆ ಎಲ್ಲ ನೆನಪಾಯಿತು. ಐದು ವರ್ಷಗಳ ಹಿಂದೆ ಆ ಹಿರಿಯರು ನಿವೃತ್ತರಾದಾಗ ಅವರ ಜಾಗವನ್ನು ತುಂಬಲು ಮೇಲಿನವರು ಮಂಜೂರಾತಿ ಕೊಟ್ಟಿರಲಿಲ್ಲ. ತಾತ್ಪೂರ್ತಿಕವಾಗಿ ಗುತ್ತಿಗೆಯ ಮೇಲೆ ಒಬ್ಬರನ್ನು ತೆಗೆದುಕೊಳ್ಳಿರೆಂದರು. ಈಕೆ ಬಂದಳು. ಈಕೆಗೆ ಖಾತೆ ಬೇಕೆಂದರೆ ನೌಕರ ಸಂಖ್ಯೆ ಬೇಕು. ನಮ್ಮ ನೌಕರಳೇ ಅಲ್ಲದ ಮೇಲೆ ಸಂಖ್ಯೆ ಎಲ್ಲಿಂದ ಬರಬೇಕು? ಲಾರಿಗಳು ನಿಂತಿದ್ದವು, ಅಂದೂ. ನಾನೇ ಹೋಗಿ, ನಿವೃತ್ತರಾದ ಹಿರಿಯರಿಂದ ಅವರ ಗುಪ್ತಪದವನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, “ಎರಡು ದಿನ ಇದರಾಗ ನಡಸವಾ, ಆಮ್ಯಾಲ ನೋಡೋಣು” ಎಂದು ಆಕೆಯ ಕೈಗೆ ಕೊಟ್ಟಿದ್ದೆ. ಆ ಎರಡು ದಿನ ಐದು ವರ್ಷವಾಯಿತು. ಗುಪ್ತಪದವನ್ನು ಬದಲಿಸಿರೆಂದು ಯಂತ್ರ ಕೇಳಿದಾಗಲೆಲ್ಲ ಆಕೆ ನಿಷ್ಠೆಯಿಂದ ಬದಲಿಸುತ್ತ ಬಂದಿದ್ದಳು. ಆ ಐದು ವರ್ಷಗಳಲ್ಲಿ ಕಾರ್ಖಾನೆಯಿಂದ ಹೊರಟ ಪ್ರತಿಯೊಂದು ಪೆಟ್ಟಿಗೆಯ ರವಾನೆ ಪತ್ರದ ಅಡಿಯಲ್ಲಿ ‘ತಯಾರಿಸಿದವರು’ ಎಂಬಲ್ಲಿ ಆ ಹಿರಿಯರ ಹೆಸರು ಅಚ್ಚಾಗಿತ್ತು. ಅವರು ತೀರಿಕೊಂಡ ಮರುದಿನವೂ ಆಗಿತ್ತು. ಆಕೆಯ ಹೆಸರು ಯಾವ ಕಾಗದದಲ್ಲಿಯೂ ಇರಲಿಲ್ಲ. ನಮ್ಮ ಪುಸ್ತಕವೇ ಸತ್ಯವಾದರೆ ಆಕೆ ಅಲ್ಲಿ ಇರಲೇ ಇಲ್ಲ.

ಮುಂದಿನ ಎರಡು ದಿನಗಳ ಸಂಗತಿಯನ್ನು ಹೇಳುವುದು ನನಗೆ ಸುಖದ ಮಾತಲ್ಲ. ಲೆಕ್ಕ ಪರಿಶೋಧನೆಯವರು ಬಂದರು. ಬೇರೊಬ್ಬರ ಗುಪ್ತಪದವನ್ನು, ಅದೂ ಸತ್ತವರದನ್ನು, ಬಳಸಿದ ಹೊರಗಿನ ಹೆಣ್ಣುಮಗಳೆಂದರೆ ಅವರ ಕಣ್ಣಿಗೆ ಇದು ಸ್ಪಷ್ಟವಾದ ಮೋಸ. ಗುತ್ತಿಗೆದಾರರಿಗೆ ಒಂದು ಮಾತು ಹೇಳಿದರೆ ಮರುದಿನ ಆಕೆಯ ಬದಲು ಬೇರೆಯವರು ಬರುತ್ತಾರೆ, ಕಾಗದವಿಲ್ಲ, ವಿಚಾರಣೆಯಿಲ್ಲ. ಅಧಿಕಾರಿಗಳೊಬ್ಬರು ನನ್ನನ್ನು ಕರೆದು, “ಪಾಸ್‌ವರ್ಡ್ ಆಕಿಗೆ ಹೆಂಗ ಸಿಕ್ತು ಅನ್ನೋದು ಈಗ ಯಾರಿಗೆ ಬೇಕ್ರಿ?” ಎಂದರು. ನನ್ನ ಒಳ್ಳೆಯದಕ್ಕಾಗಿಯೇ ಹೇಳಿದರೆಂಬುದು ನನಗೆ ಗೊತ್ತಿತ್ತು. ನಿವೃತ್ತಿಗೆ ಮೂರು ವರ್ಷಗಳಿದ್ದವು. ಮಗಳ ಮದುವೆ ಆಗಿರಲಿಲ್ಲ. ಆ ಮಧ್ಯಾಹ್ನ ನಾನು ಊಟದ ಡಬ್ಬಿಯನ್ನು ಬಿಚ್ಚಲಿಲ್ಲ. ಪಡಸಾಲೆಯಲ್ಲಿ ಆಕೆ ಬೆಂಚಿನ ತುದಿಗೆ ಕುಳಿತಿದ್ದಳು. ಕೇಳಿದವರಿಗೆಲ್ಲ “ಗೊತ್ತಿಲ್ಲರೀ” ಎಂದಷ್ಟೇ ಹೇಳಿದ್ದಳಂತೆ. ಚೀಟಿ ಕೊಟ್ಟವರು ಯಾರೆಂಬುದನ್ನು ಆಕೆ ಒಬ್ಬರಿಗೂ ಹೇಳಿರಲಿಲ್ಲ.

ಎರಡು ಗಂಟೆಗೆ ನಾನು ಒಂದು ಪುಟದ ಬರಹವನ್ನು ಬರೆದುಕೊಟ್ಟೆ. ಗುಪ್ತಪದವನ್ನು ಕೊಟ್ಟವನು ನಾನೇ ಎಂದೂ, ಮುಚ್ಚಿಸುವ ಪಟ್ಟಿಗೆ ರುಜು ಹಾಕುವಾಗ ಅದನ್ನು ಮರೆತವನೂ ನಾನೇ ಎಂದೂ ಬರೆದೆ. ನನ್ನ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆಯ ಪತ್ರ ಸೇರಿತು. ಮೂವತ್ತು ವರ್ಷ ಬೇರೆಯವರ ಪುಸ್ತಕಗಳಲ್ಲಿ ಅಂಥ ಪತ್ರಗಳನ್ನು ಅಂಟಿಸಿದವನು ತನ್ನದರಲ್ಲಿಯೂ ಒಂದನ್ನು ತಾನೇ ಅಂಟಿಸಿದೆ. ಅಂಟು ಸರಿಯಾಗಿ ಹತ್ತಿತು. ಆಕೆಯ ಕೆಲಸ ಉಳಿಯಿತು.

ಆದರೆ ಆಕೆಯನ್ನು ಎಲ್ಲಿ ಬರೆಯುವುದು? ತಂತ್ರಾಂಶದ ದೃಷ್ಟಿಯಿಂದ ಉತ್ತರ ಸುಲಭ: ನೌಕರರ ದಾಖಲೆಯಲ್ಲಿಯೇ ‘ಗುತ್ತಿಗೆ’ ಎಂಬ ಗುರುತಿನೊಡನೆ ಸೇರಿಸಿರೆಂದು ಎಂಜಿನಿಯರ್ ಹೇಳಿದ. ಕಾನೂನು ಸಲಹೆಗಾರರು ಬೆಚ್ಚಿಬಿದ್ದರು. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಆಕೆಯ ಹಾಜರಿಯನ್ನು ಇಡಬೇಕಾದವರು ಗುತ್ತಿಗೆದಾರರು. ನಮ್ಮ ಪುಸ್ತಕದಲ್ಲಿ ಆಕೆಯ ಹೆಸರು ಬಂದರೆ ನಾಳೆ ಆಕೆ ನ್ಯಾಯಾಲಯಕ್ಕೆ ಹೋಗಿ, ‘ನಾನು ಇವರ ನೌಕರಳು, ನೋಡಿರಿ ಇವರ ಬರಹ’ ಎಂದಾಳು ಎಂಬ ಭಯ. ಗುತ್ತಿಗೆಯ ಕಾರ್ಮಿಕರು ತಾವಾಗಿಯೇ ಕಾಯಂ ಆಗಿಬಿಡುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಹೇಳಿದ್ದರೂ, ಗುತ್ತಿಗೆಯೇ ತೋರಿಕೆಯದೆಂದು ಸಿದ್ಧವಾದರೆ ಮಾತು ಬೇರೆ ಎಂದೂ ಅದೇ ತೀರ್ಪಿನಲ್ಲಿದೆ. ಸಲಹೆಗಾರರು ಆ ಎರಡನೆಯ ವಾಕ್ಯವನ್ನೇ ಹಿಡಿದು ಕುಳಿತರು. ಐದು ವರ್ಷ ಸತ್ತವರ ಹೆಸರಿನಲ್ಲಿ ದುಡಿದದ್ದರಿಂದ ಬಾರದ ಭಯ, ಸ್ವಂತ ಹೆಸರಿನಲ್ಲಿ ಒಂದು ಸಾಲು ಬರೆಯುವುದರಿಂದ ಬಂತು. ನಾನು ಇದನ್ನು ಕಟುವಾಗಿ ಹೇಳುತ್ತಿದ್ದೇನೆಂದು ಕೇಳುಗರಿಗೆ ಅನ್ನಿಸಿದರೆ ಒಪ್ಪುತ್ತೇನೆ.

ಕೊನೆಗೆ ಮೂರನೆಯದೊಂದು ಪಟ್ಟಿ ಹುಟ್ಟಿತು. ನೌಕರರ ಪುಸ್ತಕವೂ ಅಲ್ಲ, ಗುತ್ತಿಗೆದಾರರ ಪುಸ್ತಕವೂ ಅಲ್ಲ. ಜಾಲದ ಬಳಕೆಗೆ ಮಾತ್ರ. ಅದರಲ್ಲಿ ಆಕೆಯ ಹೆಸರು, 9ರಿಂದ ಆರಂಭವಾಗುವ ಒಂದು ಸಂಖ್ಯೆ, ಖಾತೆ ಮುಗಿಯುವ ತಾರೀಖು ಮಾರ್ಚ್ 31, ಮತ್ತು ಹೊಣೆಗಾರ ಅಧಿಕಾರಿ ಎಂಬಲ್ಲಿ ನನ್ನ ಹೆಸರು. ಹುಡುಕಿದಂತೆ ಹುಡುಕಿದಂತೆ ಆ ಪಟ್ಟಿಗೆ ಇನ್ನೂ ಜನ ಸೇರಿದರು: ಕಾವಲುಗಾರರು, ಉಪಾಹಾರ ಗೃಹದ ಲೆಕ್ಕ ಬರೆಯುವ ಹುಡುಗ, ತರಬೇತಿಗೆ ಬಂದು ಎರಡು ವರ್ಷ ಉಳಿದ ಇಬ್ಬರು. ಒಟ್ಟು ಮೂವತ್ತೊಂದು ಮಂದಿ. ಅವರಲ್ಲಿ ಹನ್ನೆರಡು ಜನ ಬೇರೆಯವರ ಹೆಸರಿನಲ್ಲಿ ಒಳಗೆ ಹೋಗುತ್ತಿದ್ದರು. ಮೊದಲ ಬಾರಿಗೆ ತನ್ನ ಹೆಸರಿನ ರವಾನೆ ಪತ್ರ ಅಚ್ಚಾದ ದಿನ ಆಕೆ ಅದರ ಒಂದು ಪ್ರತಿಯನ್ನು ಕೇಳಿ ಮನೆಗೆ ಒಯ್ದಳು. ನಿಯಮದ ಪ್ರಕಾರ ಕಾರ್ಖಾನೆಯ ಕಾಗದ ಹೊರಗೆ ಹೋಗಬಾರದು. ನಾನು ನೋಡಲಿಲ್ಲ.

ಪ್ರತಿವರ್ಷ ಏಪ್ರಿಲ್ 1ರ ಬೆಳಿಗ್ಗೆ ಆ ಮೂವತ್ತೊಂದೂ ಜನ ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ನಾನು ಒಂದೊಂದಾಗಿ ತಾರೀಖನ್ನು ಮುಂದಿನ ಮಾರ್ಚ್‌ಗೆ ಏರಿಸುತ್ತಿದ್ದೆ. ನಡುನಡುವೆ ಯಾರಾದರೂ ಬಿಟ್ಟುಹೋದರೆ ಅವರ ಸಾಲನ್ನು ಆ ದಿನವೇ ಮುಚ್ಚುತ್ತಿದ್ದೆ. ಜೋಡಣೆ ಅಷ್ಟರಮಟ್ಟಿಗೆ ನಮಗೆ ಒಳ್ಳೆಯ ಚಟ ಕಲಿಸಿತ್ತು. ನೌಕರರ ವಿಷಯದಲ್ಲಂತೂ ನಲವತ್ತು ಹೆಜ್ಜೆಯ ದಾರಿ ಒಂದೇ ರಾತ್ರಿಯದಾಯಿತು. ಸ್ಟೋರಿನಿಂದ ಖರೀದಿ ವಿಭಾಗಕ್ಕೆ ವರ್ಗವಾದವರು ಸ್ಟೋರಿನ ಸಾಮಾನನ್ನೂ ಬರೆದುಕೊಳ್ಳುವ, ಅದರ ಬಿಲ್ಲನ್ನೂ ಮಂಜೂರು ಮಾಡುವ ಎರಡೂ ಅಧಿಕಾರಗಳನ್ನು ಇಟ್ಟುಕೊಂಡು ಕೂಡುವ ಕಾಲ ಹೋಯಿತು. ಎಂಜಿನಿಯರನ ಕೆಲಸ ನಿಜವಾಗಿಯೂ ಚೆನ್ನಾಗಿತ್ತು.

2019ರ ಮೇ 31ರಂದು ನಾನು ನಿವೃತ್ತನಾದೆ. ಬೇಬಾಕಿ ಪತ್ರದ ಮೇಲೆ ಹನ್ನೊಂದು ವಿಭಾಗಗಳ ರುಜು ಬೇಕಾಗಿತ್ತು. ಗ್ರಂಥಾಲಯ, ಸಹಕಾರಿ ಪತ್ತು, ಉಪಾಹಾರ ಗೃಹ, ಎಲ್ಲ ಆಯಿತು. ಕಂಪ್ಯೂಟರ್ ವಿಭಾಗದವನು ನಗುತ್ತ, “ನಿಮ್ಮದು ತಾನಾಗಿಯೇ ಆಗುತ್ತೆ ಸಾರ್, ರುಜು ಬೇಕಿಲ್ಲ” ಎಂದ. ಹಾರ ಹಾಕಿದರು, ಶಾಲು ಹೊದಿಸಿದರು. ಸಂಜೆ ಐದೂವರೆಗೆ ಬಾಗಿಲ ಬಳಿ ನನ್ನ ಗುರುತಿನ ಚೀಟಿಯನ್ನು ಕೊಟ್ಟು ಹೊರಗೆ ಬಂದಾಗ ನಾನೂ ಒಮ್ಮೆ ಅಂಗೈಯನ್ನು ನೋಡಿಕೊಂಡೆ.

ಮರುದಿನ ಶನಿವಾರ. ಬೆಳಗಿನ ಒಂಬತ್ತೂಕಾಲಿಗೆ ಮನೆಯ ಫೋನು ಬಡಿಯಿತು. “ಸರ, ನಾನರೀ. ಇವತ್ತ ಮತ್ತ ಒಳಗ ಬಿಡವಲ್ದರೀ. ನನ್ನೊಬ್ಬಾಕಿನ್ನ ಅಲ್ಲರೀ, ನಮ್ಮನ್ನೆಲ್ಲಾರ್ನೂ.”

ಹೊಣೆಗಾ‍ರ ಅಧಿಕಾರಿಯ ಖಾತೆ ಮುಚ್ಚಿದರೆ ಅವನ ಹೊಣೆಯಲ್ಲಿರುವವರ ಖಾತೆಗಳಿಗೂ ಬೀಗ ಬೀಳಬೇಕೆಂಬ ನಿಯಮವನ್ನು ನಾನೇ ಒಪ್ಪಿ ರುಜು ಹಾಕಿದ್ದೆ. ಒಳ್ಳೆಯ ನಿಯಮವೇ. ಕಾರ್ಖಾನೆಯ ಕಪಾಟುಗಳ ಬೀಗದ ಕೈಗಳನ್ನೆಲ್ಲ ಎಣಿಸಿ ಚಾರ್ಜು ಕೊಟ್ಟು ಬಂದಿದ್ದ ನನಗೆ, ಚಾರ್ಜು ಪಟ್ಟಿಯಲ್ಲಿ ಆ ಮೂವತ್ತೊಂದು ಜನರನ್ನು ಬರೆಯಬೇಕೆಂಬುದು ಹೊಳೆದಿರಲಿಲ್ಲ.

ಅಂಗಿ ತೊಟ್ಟು ಗೋಕುಲ ರಸ್ತೆಯ ಬಸ್ಸು ಹಿಡಿದು ಹೋದೆ. ಕಾವಲುಗಾರ ನನ್ನನ್ನು ಬಲ್ಲವನು. ಆದರೂ ಒಳಗೆ ಬಿಡುವಂತಿರಲಿಲ್ಲ, ನನ್ನ ಹೆಸರು ಬಂದುಹೋಗುವವರ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಒಂದು ಕುರ್ಚಿ ತಂದುಹಾಕಿದ. ಅಲ್ಲಿಂದಲೇ ಎಂಜಿನಿಯರನಿಗೆ ಫೋನು ಮಾಡಿದೆ. ನನ್ನ ಜಾಗಕ್ಕೆ ಬಂದವರು ಮೂವತ್ತೊಂದು ಸಾಲುಗಳಿಗೂ ತಮ್ಮ ಹೆಸರನ್ನು ಹಚ್ಚಲು ಮೊದಲು ಹಿಂಜರಿದರು; ಕಾನೂನಿನವರನ್ನು ಕೇಳಬೇಕೆಂದರು, ಸೋಮವಾರ ನೋಡೋಣವೆಂದರು. ನಾನು ಕುರ್ಚಿಯಿಂದ ಏಳಲಿಲ್ಲ. ಹನ್ನೆರಡೂವರೆಗೆ ಆಕೆ ಬಾಗಿಲತನಕ ಬಂದು, ಒಳಗಿನಿಂದಲೇ ಕೈಯೆತ್ತಿ ತೋರಿಸಿ, ಮತ್ತೆ ಓಡಿದಳು. ಸ್ವಲ್ಪ ಹೊತ್ತಿಗೆ ಮೊದಲನೆಯ ಲಾರಿ ಹೊರಗೆ ಬಂತು. ಚಾಲಕನ ಕೈಯಲ್ಲಿ ರವಾನೆ ಪತ್ರವಿತ್ತು. ಕಾವಲುಗಾರ ಅದನ್ನು ತಿರುವಿ ನೋಡಿ, ಕೆಳಗಿನ ಹೆಸರನ್ನು ಗಟ್ಟಿಯಾಗಿ ಓದಿ, ಬಾಗಿಲು ತೆರೆದ.